ನೀಲಿ ಪರದೆ ಮತ್ತು 48 ಅಂಕಿಗಳು

2024ರ ಜುಲೈ 19, ಶುಕ್ರವಾರ. ಅಂದು ಹೈದರಾಬಾದ್‌ನಲ್ಲಿ ವಿಮಾನ ಹತ್ತಲು ಬಂದವರ ಕೈಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಆ ಚೀಟಿಯ ಫೋಟೊ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ಚೆಕ್‌-ಇನ್ ಕೌಂಟರ್‌ಗಳ ಮುಂದೆ ಸಾಲು ಬೆಳೆದಿತ್ತು. ಬ್ರಿಟನ್ನಿನಲ್ಲಿ ವೈದ್ಯರ ಅಪಾಯಿಂಟ್‌ಮೆಂಟ್ ವ್ಯವಸ್ಥೆ ನಿಂತಿತು, ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆ ಮುಂದಿನ ಐದು ದಿನಗಳಲ್ಲಿ ಸುಮಾರು 7,000 ಹಾರಾಟಗಳನ್ನು ರದ್ದು ಮಾಡಿತು. ಮೈಕ್ರೊಸಾಫ್ಟ್ ಲೆಕ್ಕದ ಪ್ರಕಾರ ಅಂದು ನೀಲಿ ಪರದೆ ತೋರಿಸಿ ಕೂತ ವಿಂಡೋಸ್ ಯಂತ್ರಗಳು 85 ಲಕ್ಷ. ಜಗತ್ತಿನ ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಇದು ಶೇ 1ಕ್ಕೂ ಕಡಿಮೆ ಎಂದು ಅದೇ ಕಂಪನಿ ಹೇಳಿತು!

ಯಾರೋ ಹ್ಯಾಕ್ ಮಾಡಿದರು ಎಂದು ಮೊದಲು ಎಲ್ಲರೂ ಅಂದುಕೊಂಡರು. ಹ್ಯಾಕ್ ಆಗದಂತೆ ಕಾಯಬೇಕಿದ್ದ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ತಂತ್ರಾಂಶವೇ ಇದಕ್ಕೆ ಕಾರಣ ಎಂದು ಆಮೇಲೆ ಗೊತ್ತಾಯಿತು. ಆ ತಂತ್ರಾಂಶದ ಒಂದು ಭಾಗ ವಿಂಡೋಸ್‌ನೊಳಗೆ ಡ್ರೈವರ್ ಆಗಿ ಕೂತಿತ್ತು. ನಮ್ಮ ಆಪರೇಟಿಂಗ್ ಸಿಸ್ಟಮ್ಸ್ ಪಠ್ಯದಲ್ಲಿ (ರಕ್ಷಾಪುಟದಲ್ಲಿ ಡೈನೊಸಾರ್ ಇರುವ ದಪ್ಪ ಪುಸ್ತಕ, ನೋಡಿದವರಿಗೆ ಗೊತ್ತು) ಯೂಸರ್ ಮೋಡ್, ಕರ್ನೆಲ್ ಮೋಡ್ ಎಂಬ ಎರಡು ಪದಗಳು ಬರುತ್ತವೆ. ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಎಂದು ಉರು ಹೊಡೆದು ಮುಂದೆ ಹೋಗುವ ಜಾಗ ಅದು. ಪೆನ್ನಿನ ಬೋರ್ಡಿಂಗ್ ಪಾಸ್ ಹುಟ್ಟಿದ್ದು ಆ ಎರಡು ಪದಗಳ ನಡುವಿನ ಗೆರೆಯ ಮೇಲೆ.

ಡ್ರೈವರ್ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಬಸ್ಸಿನ ಸ್ಟೀರಿಂಗ್ ಹಿಡಿದವರು. ಕಂಪ್ಯೂಟರಿನ ಡ್ರೈವರ್ ಮಾಡುವುದು ದುಭಾಷಿಯ ಕೆಲಸ. ನೀವು ಪ್ರಾಜೆಕ್ಟ್ ರಿಪೋರ್ಟ್ ತೆರೆದು ಪ್ರಿಂಟ್ ಒತ್ತುತ್ತೀರಿ. ಮಾರುಕಟ್ಟೆಯಲ್ಲಿರುವ ಒಂದೊಂದು ಪ್ರಿಂಟರ್‌ಗೂ ಒಂದೊಂದು ಭಾಷೆ. ಅವೆಲ್ಲವನ್ನೂ ಕಲಿಯುವುದು ವಿಂಡೋಸ್‌ಗಾಗಲಿ ಲಿನಕ್ಸ್‌ಗಾಗಲಿ ಆಗದ ಮಾತು. ‘ಈ ಪುಟ ಅಚ್ಚು ಮಾಡು’ ಎಂದು ಆಪರೇಟಿಂಗ್ ಸಿಸ್ಟಮ್ ಹೇಳಿದ್ದನ್ನು ಆ ಪ್ರಿಂಟರ್‌ಗೆ ತಿಳಿಯುವಂತೆ ಹೇಳುವ ಸಣ್ಣ ಪ್ರೋಗ್ರಾಮೇ ಡ್ರೈವರ್. ವೈಫೈ, ಟಚ್‌ಪ್ಯಾಡ್, ಕ್ಯಾಮೆರಾ, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಎಲ್ಲಕ್ಕೂ ಒಬ್ಬೊಬ್ಬ ದುಭಾಷಿ ಬೇಕು.

ಈ ದುಭಾಷಿ ಎಲ್ಲಿ ನಿಂತು ಮಾತನಾಡುತ್ತಾನೆ ಎನ್ನುವುದು ಮುಖ್ಯ. ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಬಂದವರು ಜಗಲಿಯಲ್ಲಿ ಕೂರುತ್ತಾರೆ. ನೀರು ಬೇಕಾದರೆ ಕೇಳುತ್ತಾರೆ, ಮನೆಯವರು ಒಳಗಿನಿಂದ ತಂದುಕೊಡುತ್ತಾರೆ. ಬ್ರೌಸರ್, ವರ್ಡ್, ವಿಎಲ್‌ಸಿ ಎಲ್ಲ ಹೀಗೆ ಜಗಲಿಯಲ್ಲಿ ಕೂತ ನೆಂಟರು. ಇದೇ ಯೂಸರ್ ಮೋಡ್. ಅವರಲ್ಲೊಬ್ಬರು ಎಡವಿ ಬಿದ್ದರೆ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತದೆ, ಎಬ್ಬಿಸಿ ಕಳಿಸಿದರಾಯಿತು, ಮನೆ ಹಾಗೇ ಇರುತ್ತದೆ. ಒಳಮನೆಯಲ್ಲಿ ಓಡಾಡುವವರ ಕತೆ ಬೇರೆ. ಒಲೆ, ಬಾವಿ, ಪೆಟಾರಿ ಎಲ್ಲವೂ ಅವರ ಕೈಗೆಟಕುತ್ತದೆ. ಇದು ಕರ್ನೆಲ್ ಮೋಡ್. ಯಂತ್ರಾಂಶವನ್ನು ನೇರವಾಗಿ ಮುಟ್ಟಬೇಕಾದ ಬಹುಪಾಲು ಡ್ರೈವರ್‌ಗಳು ಇಲ್ಲಿ ವಾಸ. ಇಲ್ಲಿ ಒಬ್ಬರು ಮೆಮೊರಿಯ ತಪ್ಪು ವಿಳಾಸಕ್ಕೆ ಕೈ ಹಾಕಿದರೆ ಅದು ಯಾರದೋ ಫೈಲ್ ಆಗಿರಬಹುದು, ಡಿಸ್ಕಿಗೆ ಬರೆಯಬೇಕಾದ ಮಾಹಿತಿಯೇ ಆಗಿರಬಹುದು. ಹಾಳಾಗಿದ್ದು ಎಷ್ಟು ಎಂದು ಹೇಳಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ವಿಂಡೋಸ್ ಬೇಕೆಂದೇ ಎಲ್ಲವನ್ನೂ ನಿಲ್ಲಿಸಿ ನೀಲಿ ಪರದೆ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ ಕರ್ನೆಲ್ ಪ್ಯಾನಿಕ್ ಎಂದು ಹೆಸರು. ನೋಡಿದವರಿಗೆ ಸಿಟ್ಟು ಬರುವುದು ಸಹಜ, ಆದರೆ ನಿಮ್ಮ ಡಿಸ್ಕ್ ಉಳಿಸಿದ್ದೂ ಅದೇ ನಿಲುಗಡೆ.

ಡ್ರೈವರ್‌ಗಳ ಈ ಚಾಳಿ ಹೊಸದೇನಲ್ಲ. 1998ರ ಏಪ್ರಿಲ್‌ನಲ್ಲಿ ಷಿಕಾಗೊದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದಾಗಲೇ, ವಿಂಡೋಸ್ 98ಕ್ಕೆ ಸ್ಕ್ಯಾನರ್ ಜೋಡಿಸಿದ ಕೂಡಲೇ ನೀಲಿ ಪರದೆ ಬಂತು. ಇಡೀ ಸಭೆ ನಕ್ಕಿತು, ಗೇಟ್ಸ್ ಕೂಡ ತಮಾಷೆ ಮಾಡಿ ದಾಟಿಕೊಂಡರು. 2003ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಒಂದು ಪ್ರಬಂಧ, ವಿಂಡೋಸ್ ಎಕ್ಸ್‌ಪಿಯಲ್ಲಿ ವರದಿಯಾದ ಕುಸಿತಗಳಲ್ಲಿ ಶೇ 85ಕ್ಕೆ ಡ್ರೈವರ್‌ಗಳೇ ಕಾರಣ ಎಂದು ದಾಖಲಿಸಿತು. ಕರ್ನೆಲ್ ಬರೆಯುವವರು ಒಂದು ತಂಡ. ಡ್ರೈವರ್ ಬರೆಯುವವರು ಊರೂರಿನ ನೂರಾರು ಕಂಪನಿಗಳವರು. ಇಬ್ಬರಿಗೂ ಒಳಮನೆಯಲ್ಲಿ ಒಂದೇ ಸಲಿಗೆ.

ಈಗ ಜುಲೈ 19ಕ್ಕೆ ಬರೋಣ. ವೈರಸ್ ಕಾಯುವ ತಂತ್ರಾಂಶ ಯಾವ ಸಾಧನಕ್ಕೂ ದುಭಾಷಿಯಲ್ಲ. ಆದರೂ ಕಳ್ಳನಿಗಿಂತ ಮೊದಲು ಎದ್ದಿರಬೇಕು, ಎಲ್ಲರ ಮೇಲೂ ಕಣ್ಣಿಡಬೇಕು ಎಂದು ಡ್ರೈವರ್ ವೇಷದಲ್ಲಿ ಒಳಮನೆ ಸೇರುತ್ತದೆ. (ವ್ಯಾಲೊರಂಟ್ ಆಡುವ ಗೆಳೆಯರೇ, ಕಳ್ಳಾಟ ಹಿಡಿಯಲು ನೀವು ಹಾಕಿಕೊಂಡಿರುವ ವ್ಯಾನ್‌ಗಾರ್ಡ್ ಕೂಡ ಇದೇ ಜಾತಿ.) ಕ್ರೌಡ್‌ಸ್ಟ್ರೈಕ್‌ನ ಡ್ರೈವರ್‌ಗೆ ಮೈಕ್ರೊಸಾಫ್ಟ್‌ನ ಪರೀಕ್ಷೆ, ಸಹಿ ಎಲ್ಲವೂ ಆಗಿತ್ತು. ಆದರೆ ಹೊಸ ದಾಳಿಗಳ ಲಕ್ಷಣಗಳನ್ನು ತಿಳಿಸುವ ಸಣ್ಣ ಫೈಲ್‌ಗಳು ಆಗಾಗ ಬೇರೆಯಾಗಿ ಬರುತ್ತಿದ್ದವು. ಅವುಗಳಿಗೆ ಆ ಪರೀಕ್ಷೆ ಇರಲಿಲ್ಲ. ಅಂದು ನಮ್ಮ ಸಮಯ ಬೆಳಿಗ್ಗೆ 9.39ಕ್ಕೆ ಹೊರಟ 291ನೇ ನಂಬರಿನ ಫೈಲ್ ಒಂದು ವಿಷಯಕ್ಕೆ 21ನೇ ಮೌಲ್ಯವನ್ನು ನೋಡು ಎಂದಿತು. ಡ್ರೈವರ್‌ನ ಕೈಯಲ್ಲಿದ್ದದ್ದು 20 ಮಾತ್ರ. ಸಿ ಭಾಷೆಯಲ್ಲಿ ಅರೇ ದಾಟಿ ಓದಿದರೆ ಏನಾಗುತ್ತದೆ ಎಂದು ಮೊದಲ ವರ್ಷದಲ್ಲೇ ಕೇಳಿರುತ್ತೇವಲ್ಲ, ಅದೇ ಆಯಿತು. ಇಲ್ಲದ 21ನೆಯದನ್ನು ಹುಡುಕಿಕೊಂಡು ಡ್ರೈವರ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿತು. ನಮ್ಮ ಲ್ಯಾಬ್ ಪ್ರೋಗ್ರಾಮ್ ಹೀಗೆ ಮಾಡಿದರೆ ‘ಸೆಗ್ಮೆಂಟೇಷನ್ ಫಾಲ್ಟ್’ ಎಂದು ಒಂದು ಸಾಲು ಬಂದು ಮುಗಿಯುತ್ತದೆ, ಏಕೆಂದರೆ ನಾವಿರುವುದು ಜಗಲಿಯಲ್ಲಿ.

ತಪ್ಪು ಗೊತ್ತಾಗಿ ಕಂಪನಿ ಆ ಫೈಲನ್ನು ಹಿಂದಕ್ಕೆ ಪಡೆದದ್ದು 10.57ಕ್ಕೆ. ಅಂದರೆ 78 ನಿಮಿಷ. ಅಷ್ಟರಲ್ಲೇ ಎಲ್ಲವೂ ಸರಿಹೋಗಬೇಕಿತ್ತಲ್ಲ, ವಿಮಾನ ನಿಲ್ದಾಣಗಳು ದಿನಗಟ್ಟಲೆ ಏಕೆ ಪರದಾಡಿದವು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಉತ್ತರ ಬಹಳ ಸರಳ. ಸರಿಪಡಿಸಿದ ಫೈಲ್ ಇಂಟರ್ನೆಟ್‌ನಲ್ಲಿತ್ತು. ಅದನ್ನು ಪಡೆಯಲು ಯಂತ್ರ ಎದ್ದು ನೆಟ್‌ವರ್ಕ್‌ಗೆ ಸೇರಬೇಕು. ಆದರೆ ಕಾವಲುಗಾರ ಡ್ರೈವರ್ ಎಲ್ಲರಿಗಿಂತ ಮೊದಲು ಏಳುತ್ತಿತ್ತು, ಎದ್ದ ಕೂಡಲೇ ಹಾಳು ಫೈಲ್ ಓದಿ ಯಂತ್ರವನ್ನು ಬೀಳಿಸುತ್ತಿತ್ತು. ನೆಟ್‌ವರ್ಕ್‌ಗೆ ಸರದಿಯೇ ಬರುತ್ತಿರಲಿಲ್ಲ. ಕೆಲವರು ಹತ್ತು ಹದಿನೈದು ಸಲ ರೀಸ್ಟಾರ್ಟ್ ಮಾಡಿ, ಕಾವಲುಗಾರ ಬೀಳುವ ಮೊದಲೇ ಹೊಸ ಫೈಲ್ ಇಳಿದು ಗೆದ್ದದ್ದೂ ಉಂಟು. ಉಳಿದವರಿಗೆ ಒಂದೇ ದಾರಿ: ಪ್ರತಿ ಯಂತ್ರದ ಮುಂದೆ ಒಬ್ಬ ಮನುಷ್ಯ ಹೋಗಿ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಸಿಸ್ಟಮ್32 ಒಳಗಿನ ಡ್ರೈವರ್ಸ್ ಫೋಲ್ಡರ್‌ಗೆ ಹೋಗಿ ಆ ಒಂದು ಫೈಲನ್ನು ಅಳಿಸುವುದು. ಕೆಲಸ ಐದು ನಿಮಿಷದ್ದು. ಯಂತ್ರಗಳು ಮಾತ್ರ 85 ಲಕ್ಷ.

ಐದು ನಿಮಿಷದ ಕೆಲಸವೂ ಎಷ್ಟೋ ಕಡೆ ಶುರುವಾಗಲೇ ಇಲ್ಲ. ಸೇಫ್ ಮೋಡ್‌ಗೆ ಹೋಗಲು ಹೊರಟಾಗ ಯಂತ್ರ 48 ಅಂಕಿಗಳ ಒಂದು ಸಂಖ್ಯೆ ಕೇಳಿತು. ಬಿಟ್‌ಲಾಕರ್ ರಿಕವರಿ ಕೀ. ಲ್ಯಾಪ್‌ಟಾಪ್ ಕಳುವಾದರೆ ಕಳ್ಳ ಡಿಸ್ಕ್ ಕಿತ್ತು ಓದದಿರಲಿ ಎಂದು ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿ ಇಟ್ಟಿರುತ್ತಾರೆ. ಬಾಗಿಲು ಮಾಮೂಲಿ ದಾರಿಯಲ್ಲಿ ತೆರೆಯದಿದ್ದಾಗ ಈ ಸಂಖ್ಯೆಯೇ ಕೀಲಿ. ಆ ಸಂಖ್ಯೆಗಳನ್ನು ಇಟ್ಟಿದ್ದ ಸರ್ವರ್ ಕೂಡ ನೀಲಿ ಪರದೆ ತೋರಿಸುತ್ತ ಕೂತಿದ್ದರೆ? ಪೆಟಾರಿಯ ಬೀಗದ ಕೈಯನ್ನು ಪೆಟಾರಿಯೊಳಗೇ ಇಟ್ಟ ಹಾಗೆ.

ಇದು ದೊಡ್ಡ ಕಂಪನಿಗಳ ಪಾಡು ಎಂದು ಬಿಡುವಂತಿಲ್ಲ. ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಕೋಣೆಯಲ್ಲೇ ಇದು ನಡೆಯಿತು. ಹಾವೇರಿ ಕಡೆಯ ನನ್ನ ರೂಮ್‌ಮೇಟ್ ಉಬುಂಟು ಹಾಕಬೇಕೆಂದು ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದ. ಮತ್ತೆ ವಿಂಡೋಸ್ ತೆರೆದಾಗ ನೀಲಿ ಪರದೆ, 48 ಅಂಕಿಯ ಪ್ರಶ್ನೆ. ಸೆಕ್ಯೂರ್ ಬೂಟ್ ಆನ್ ಮಾಡಿ ನೋಡಿದರೂ ಅದು ಜಗ್ಗಲಿಲ್ಲ. ಮರುದಿನ ಮಧ್ಯಾಹ್ನ ಅವನಿಗೆ ಮಿನಿ ಪ್ರಾಜೆಕ್ಟ್ ಡೆಮೊ, ಕೋಡ್ ಎಲ್ಲ ಅದೇ ಲ್ಯಾಪ್‌ಟಾಪ್‌ನಲ್ಲಿ. ಅವನು ಬಿಟ್‌ಲಾಕರ್ ಎಂಬ ಹೆಸರನ್ನೇ ಕೇಳಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ: ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 11ಕ್ಕೆ ಮೈಕ್ರೊಸಾಫ್ಟ್ ಖಾತೆ ಕೊಟ್ಟು ಒಳಹೋದರೆ ‘ಡಿವೈಸ್ ಎನ್‌ಕ್ರಿಪ್ಷನ್’ ತಾನಾಗಿ ಶುರುವಾಗುತ್ತದೆ, ಕೀಲಿ ಆ ಖಾತೆಗೆ ಹೋಗಿ ಸೇರುತ್ತದೆ. ಹಾಗಾದರೆ ಖಾತೆ ತೆರೆದು ನೋಡಿದರಾಯಿತು ಎಂದೆ. ಯಾವ ಖಾತೆ? ಅದು ಅವನದ್ದಲ್ಲ. ಲ್ಯಾಪ್‌ಟಾಪ್ ಕೊಂಡ ಅಂಗಡಿಯಲ್ಲಿ ‘ಸೆಟಪ್ ಮಾಡಿ ಕೊಡ್ತೀವಿ’ ಎಂದವರು ಅಲ್ಲೇ ಒಂದು ಹೊಸ ಇಮೇಲ್ ಸೃಷ್ಟಿಸಿದ್ದರು, ಅದಕ್ಕೆ ಅಂಗಡಿಯ ಹುಡುಗನ ಮೊಬೈಲ್ ನಂಬರ್ ಕೊಟ್ಟಿದ್ದರು.

ಅವನ ಅಪ್ಪ ಅಂಗಡಿಗೆ ಹೋಗಿ ಕೇಳಿ, ಆ ಹುಡುಗ ಕೆಲಸ ಬಿಟ್ಟಿದ್ದಾನೆಂದು ತಿಳಿದು, ಅವನ ನಂಬರ್ ಹುಡುಕಿ ಕೊಟ್ಟಾಗ ರಾತ್ರಿ ಒಂಬತ್ತು. ಗೆಳೆಯ ಫೋನ್ ಮಾಡಿದ.

‘ಅಣ್ಣಾರ, ನಿಮ್ಮ ಮೊಬೈಲ್‌ಗೆ ಒಂದು ಓಟಿಪಿ ಬಂದೈತಿ, ಸ್ವಲ್ಪ ನೋಡಿ ಹೇಳ್ರಿ.’

‘ಯಾವ ಲ್ಯಾಪ್‌ಟಾಪ್ ತಮ್ಮಾ? ನಾ ಆ ಅಂಗಡಿ ಬಿಟ್ಟು ವರ್ಷ ಆತು.’

ಪುಣ್ಯಕ್ಕೆ ಅವರು ನಂಬರ್ ಬದಲಿಸಿರಲಿಲ್ಲ, ಒಳ್ಳೆಯ ಮನುಷ್ಯ ಕೂಡ. ಓಟಿಪಿ ಹೇಳಿದರು. ಖಾತೆಯ ಪುಟದಲ್ಲಿ ಕೀ ಸಿಕ್ಕಿತು. ಪರದೆಯ ಮೇಲೆ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ಹೊಂದಿಸಿ ನೋಡಿ, ಆರಾರು ಅಂಕಿಗಳ ಎಂಟು ಗುಂಪುಗಳನ್ನು ನಾನು ಓದುತ್ತ ಹೋದೆ, ಅವನು ಒತ್ತುತ್ತ ಹೋದ. ಆ ರಾತ್ರಿಯೇ ಕಾರಿಡಾರ್‌ನಲ್ಲಿ ಉಳಿದವರೂ ತಮ್ಮ ಲ್ಯಾಪ್‌ಟಾಪ್ ತೆರೆದು ಖಾತೆ ಯಾರದು ಎಂದು ನೋಡಿಕೊಂಡರು. ಇನ್ನೂ ಇಬ್ಬರಲ್ಲಿ ಅಂಗಡಿಯವರದೇ ಇಮೇಲ್! ನೀವೂ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ನೋಡಿ. ನಿಮ್ಮದೇ ಆಗಿದ್ದರೆ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಮಾರ್ಕ್ಸ್‌ಕಾರ್ಡ್ ಇಡುವ ಫೈಲಿನಲ್ಲಿ ಇಡಿ. ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲೆ ಮಾತ್ರ ಬೇಡ.

ಲ್ಯಾಪ್‌ಟಾಪ್ ಕೈಕೊಟ್ಟಾಗ ನಮ್ಮಲ್ಲಿ ಸಿಗುವ ಸಲಹೆ ಒಂದೇ: ‘ಫಾರ್ಮ್ಯಾಟ್ ಹೊಡಿ’. ನೆಗಡಿಗೆ ಮೂಗು ಕೊಯ್ಯುವ ಈ ಸಲಹೆಯ ಮೇಲೆ ನನಗೆ ಬಹಳ ಸಿಟ್ಟಿದೆ. ಅದಕ್ಕೆ ಮೊದಲು ಏರಬೇಕಾದ ಮೆಟ್ಟಿಲು ಎಷ್ಟೋ ಇವೆ. ವಿಂಡೋಸ್ ಏಳುತ್ತಿದ್ದು ಒಂದು ಸಾಧನ ಮಾತ್ರ ಕೆಲಸ ಮಾಡದಿದ್ದರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತು ಇರುವ ಕಡೆ ಕೋಡ್ 28 ಎಂದಿದ್ದರೆ ಡ್ರೈವರ್ ಇಲ್ಲವೇ ಇಲ್ಲ ಎಂದರ್ಥ. ಕೋಡ್ 10 ಎಂದರೆ ಇದೆ, ಆದರೆ ಸಾಧನ ಶುರುವಾಗುತ್ತಿಲ್ಲ. ನಿನ್ನೆ ಸರಿಯಿದ್ದು ಅಪ್‌ಡೇಟ್ ಆದಮೇಲೆ ಕೆಟ್ಟಿದ್ದರೆ ಪ್ರಾಪರ್ಟೀಸ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ ಹಳೆಯ ದುಭಾಷಿ ವಾಪಸ್ ಬರುತ್ತಾನೆ.

‘ಅನ್‌ನೋನ್ ಡಿವೈಸ್’ ಎಂದು ಹೆಸರೇ ಇಲ್ಲದೆ ಕೂತಿದ್ದರೆ? ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ಅಲ್ಲಿ ‘ವೆಂಡರ್’ ಸಂಖ್ಯೆ 8086 ಎಂದಿದ್ದರೆ ಅದು ಇಂಟೆಲ್‌ನ ಸಾಧನ. ಹೌದು, ಮೈಕ್ರೊಪ್ರೊಸೆಸರ್ ಪಾಠದಲ್ಲಿ ನಮ್ಮ ಜೀವ ತಿನ್ನುವ ಅದೇ 8086. ತನ್ನ ಹಳೆಯ ಚಿಪ್ಪಿನ ನಂಬರನ್ನೇ ಕಂಪನಿ ಗುರುತಾಗಿ ಇಟ್ಟುಕೊಂಡಿದೆ. ಸಂಖ್ಯೆ ಸಿಕ್ಕಮೇಲೆ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಹಾಕಿ ಡ್ರೈವರ್ ತೆಗೆದುಕೊಳ್ಳಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಎಂದು ಆಸೆ ತೋರಿಸುವ ಉಚಿತ ತಂತ್ರಾಂಶಗಳ ತಂಟೆಗೆ ಹೋಗಬೇಡಿ. ಒಳಮನೆಗೆ ಯಾರನ್ನು ಬಿಡುತ್ತಿದ್ದೇವೆ ಎಂಬ ಪ್ರಶ್ನೆ ಇದು.

ವಿಂಡೋಸ್ ಏಳುತ್ತಲೇ ಇಲ್ಲವೆಂದರೆ, ಲೋಗೊ ಬಂದಾಗ ಪವರ್ ಬಟನ್ ಒತ್ತಿಹಿಡಿದು ಆರಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಕವರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ 4 ಒತ್ತಿದರೆ ಸೇಫ್ ಮೋಡ್: ತೀರಾ ಅಗತ್ಯವಿರುವ ಡ್ರೈವರ್‌ಗಳು ಮಾತ್ರ ಏಳುತ್ತವೆ, ಗ್ರಾಫಿಕ್ಸ್ ಕಾರ್ಡಿನದೂ ಇರುವುದಿಲ್ಲ. ಇದರಲ್ಲಿ ಯಂತ್ರ ಸರಿಯಾಗಿ ಎದ್ದರೆ ತಪ್ಪಿತಸ್ಥ ಹೊರಗಿನಿಂದ ಬಂದ ಯಾವುದೋ ಡ್ರೈವರ್ ಅಥವಾ ತಂತ್ರಾಂಶ ಎಂದು ಹೆಚ್ಚುಕಡಿಮೆ ಖಚಿತ. ಸಿಸ್ಟಮ್ ರಿಸ್ಟೋರ್ ಡ್ರೈವರ್‌ಗಳನ್ನೂ ಸೆಟ್ಟಿಂಗ್‌ಗಳನ್ನೂ ಹಿಂದಿನ ದಿನಕ್ಕೆ ಒಯ್ಯುತ್ತದೆ, ನಿಮ್ಮ ಫೋಟೊ, ನೋಟ್ಸ್ ಮುಟ್ಟುವುದಿಲ್ಲ. ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಮೊದಲಿನಿಂದಲೇ ಆಫ್ ಆಗಿರುತ್ತದೆ, ಈಗಲೇ ನೋಡಿ ಆನ್ ಮಾಡಿ. ಏನೂ ಆಗದೆ ‘ರಿಸೆಟ್’ವರೆಗೆ ಹೋದರೆ ‘ಕೀಪ್ ಮೈ ಫೈಲ್ಸ್’ ಆರಿಸಿದರೂ ಹಾಕಿಕೊಂಡಿದ್ದ ತಂತ್ರಾಂಶಗಳು ಹೋಗುತ್ತವೆ.

ಇಲ್ಲೊಂದು ಕಿಲಾಡಿ ಉಪಾಯವಿದೆ. ಸೀನಿಯರ್ ಒಬ್ಬರು ತೋರಿಸಿದ್ದು. ರಿಕವರಿ ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದು ‘ನೋಟ್‌ಪ್ಯಾಡ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ನೋಟ್‌ಪ್ಯಾಡ್ ಬರುತ್ತದೆ. ಅದರ ‘ಓಪನ್’ ಕಿಟಕಿಯಲ್ಲಿ ‘ಆಲ್ ಫೈಲ್ಸ್’ ಆರಿಸಿದರೆ ನಿಮ್ಮ ಫೋಲ್ಡರ್‌ಗಳೆಲ್ಲ ಕಾಣುತ್ತವೆ. ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಪೇಸ್ಟ್. ಸತ್ತಂತಿರುವ ವಿಂಡೋಸ್‌ನಿಂದ ಪ್ರಾಜೆಕ್ಟ್ ಹೊರಗೆ ಬರುತ್ತದೆ. ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಯೂ ಇದೇ ಕೆಲಸ ಮಾಡಬಹುದು. ಡಿಸ್ಕ್ ಗೂಢಲಿಪಿಯಲ್ಲಿದ್ದರೆ ಎರಡೂ ದಾರಿಗಳು ಕೇಳುವುದು ಮತ್ತೆ ಆ 48 ಅಂಕಿಗಳನ್ನೇ.

ಫಾರ್ಮ್ಯಾಟ್ ಮಾಡಲೇಬೇಕಾದವರಿಗೂ ಒಂದು ಮಾತು. ಕಳೆದ ಕೆಲವು ವರ್ಷಗಳ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಾಕಲು ಹೊರಟರೆ ‘ಡ್ರೈವ್ ಸಿಗುತ್ತಿಲ್ಲ’ ಎಂದು ಬರುವುದುಂಟು. ಎಸ್‌ಎಸ್‌ಡಿ ಸತ್ತಿದೆ, ಹೊಸದು ಹಾಕಬೇಕು ಎಂದು ಹೇಳಿ ದುಡ್ಡು ಕೀಳುವವರೂ ಇದ್ದಾರೆ. ಎಷ್ಟೋ ಸಲ ಇನ್‌ಸ್ಟಾಲರ್‌ಗೆ ಆ ಎಸ್‌ಎಸ್‌ಡಿಯ ದುಭಾಷಿ ಗೊತ್ತಿರುವುದಿಲ್ಲ, ಅಷ್ಟೆ. ತಯಾರಕರ ಜಾಲತಾಣದಿಂದ ಇಂಟೆಲ್ ಸ್ಟೋರೇಜ್ ಡ್ರೈವರ್ ಇಳಿಸಿ ಪೆನ್‌ಡ್ರೈವ್‌ನಲ್ಲಿಟ್ಟು ‘ಲೋಡ್ ಡ್ರೈವರ್’ ಕೊಟ್ಟರೆ ಡಿಸ್ಕ್ ಕಣ್ಣಿಗೆ ಬೀಳುತ್ತದೆ.

ಇದೆಲ್ಲ ಅಂಗಡಿಯವರ ಕೆಲಸ, ನಮಗೇಕೆ ಎನ್ನುವವರಿದ್ದಾರೆ. ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಸಂದರ್ಶನ ಕೊಟ್ಟುಬಂದ ಸೀನಿಯರ್‌ಗಳನ್ನು ಕೇಳಿ: ‘ನೀಲಿ ಪರದೆ ಬಂದರೆ ಮೊದಲು ಏನು ಮಾಡುತ್ತೀರಿ?’ ಎಂಬ ಪ್ರಶ್ನೆ ಅಲ್ಲಿ ಮಾಮೂಲು. ‘ಫಾರ್ಮ್ಯಾಟ್’ ಎಂದು ಹೇಳಿದವರನ್ನು ಅಲ್ಲಿಗೇ ಕಳಿಸುತ್ತಾರಂತೆ. ಪರದೆಯ ಮೇಲಿನ ಸ್ಟಾಪ್ ಕೋಡ್ ಬರೆದುಕೊಳ್ಳುತ್ತೇನೆ, ಕೊನೆಗೆ ಏನು ಬದಲಾಯಿತೆಂದು ಕೇಳುತ್ತೇನೆ, ಸೇಫ್ ಮೋಡ್‌ನಲ್ಲಿ ನೋಡುತ್ತೇನೆ ಎಂದವರ ಜೊತೆ ಮಾತು ಮುಂದುವರಿಯುತ್ತದೆ. ಇನ್ನು ಡ್ರೈವರ್ ಬರೆಯುವುದೇ ಒಂದು ಉದ್ಯೋಗ. ಬೆಂಗಳೂರಿನ ಚಿಪ್ ಕಂಪನಿಗಳು, ಎಂಬೆಡೆಡ್ ಕಂಪನಿಗಳು ಲಿನಕ್ಸ್ ಡ್ರೈವರ್ ಬಲ್ಲವರನ್ನು ಹುಡುಕುತ್ತವೆ. ನಮ್ಮಲ್ಲಿ ಎಲ್ಲರೂ ವೆಬ್ ಡೆವಲಪ್‌ಮೆಂಟ್ ಕೋರ್ಸಿಗೆ ಓಡುವಾಗ ಈ ಸಾಲು ಚಿಕ್ಕದಾಗಿಯೇ ಇದೆ.

ಜುಲೈ 19ರ ನಂತರ ಮೈಕ್ರೊಸಾಫ್ಟ್ ಕೂಡ ಕೆಲವು ಬದಲಾವಣೆ ತಂದಿದೆ. ಏಳಲಾಗದ ಯಂತ್ರ ರಿಕವರಿ ಪರದೆಯಿಂದಲೇ ನೆಟ್‌ವರ್ಕ್ ಸೇರಿ ಪರಿಹಾರ ಇಳಿಸಿಕೊಳ್ಳುವ ವ್ಯವಸ್ಥೆ ಬಂದಿದೆ. ಕಾವಲು ತಂತ್ರಾಂಶಗಳನ್ನು ಒಳಮನೆಯಿಂದ ಜಗಲಿಗೆ ಕಳಿಸುವ ಕೆಲಸವೂ ಶುರುವಾಗಿದೆ. 2025ರಲ್ಲಿ ವಿಂಡೋಸ್ 11ರ ನೀಲಿ ಪರದೆ ಕಪ್ಪಾಯಿತು. ಬಣ್ಣ ಬದಲಾದರೂ ನಾವು ಇನ್ನೂ ಬ್ಲೂ ಸ್ಕ್ರೀನ್ ಎಂದೇ ಕರೆಯುತ್ತಿದ್ದೇವೆ.

ಕಲಿಯಲು ಹೊಸ ಯಂತ್ರವೇನೂ ಬೇಡ. ವರ್ಚುವಲ್‌ಬಾಕ್ಸ್‌ನಲ್ಲಿ ಲಿನಕ್ಸ್ ಹಾಕಿಕೊಂಡು ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಎಂಬ ಪುಸ್ತಕದ ಮೂರನೇ ಆವೃತ್ತಿ ಉಚಿತವಾಗಿ ಸಿಗುತ್ತದೆ. 2005ರದ್ದಾದ್ದರಿಂದ ಅದರ ಕೋಡ್ ಈಗಿನ ಕರ್ನೆಲ್‌ನಲ್ಲಿ ಹಾಗೆಹಾಗೇ ಓಡುವುದಿಲ್ಲ, ವಿಚಾರಗಳು ಮಾತ್ರ ಹಳತಾಗಿಲ್ಲ. ನಾನು ಮತ್ತು ರೂಮ್‌ಮೇಟ್ ಈಗ ಭಾನುವಾರಗಳಲ್ಲಿ ಅದನ್ನು ಓದುತ್ತಿದ್ದೇವೆ. ಹದಿನೈದಿಪ್ಪತ್ತು ಸಾಲಿನ ಒಂದು ಮಾಡ್ಯೂಲ್ ಬರೆದು, ಅದರಲ್ಲಿ ಬೇಕೆಂದೇ ಇಲ್ಲದ ವಿಳಾಸಕ್ಕೆ ಬರೆಯುವ ಒಂದು ಸಾಲು ಸೇರಿಸಿ ಲೋಡ್ ಮಾಡುತ್ತೇವೆ. ಕಿಟಕಿಯೊಳಗಿನ ಲಿನಕ್ಸ್ ದೋಷದ ಸಾಲುಗಳನ್ನು ಕಾರುತ್ತದೆ, ಕೆಲವೊಮ್ಮೆ ಪೂರ್ತಿ ಗಟ್ಟಿಯಾಗಿ ನಿಂತುಬಿಡುತ್ತದೆ. ಆ ಸಾಲುಗಳಲ್ಲಿ ನಮ್ಮ ಮಾಡ್ಯೂಲಿನ ಹೆಸರು ಎಲ್ಲಿದೆ, ಯಾವ ಫಂಕ್ಷನ್‌ನಲ್ಲಿ ಬಿತ್ತು ಎಂದು ಹುಡುಕಿ ಗುರುತು ಹಾಕಿಕೊಳ್ಳುತ್ತೇವೆ. ಸ್ನ್ಯಾಪ್‌ಶಾಟ್‌ಗೆ ಮರಳಲು ಅರ್ಧ ನಿಮಿಷವೂ ಬೇಡ. ಆಮೇಲೆ ಆ ಸಾಲು ತೆಗೆದು ಇನ್ನೊಂದು ಬರೆಯುತ್ತೇವೆ.